ಮೂರು ಬಣ್ಣದ ರಬ್ಬರ್ ಬ್ಯಾಂಡು, ನಮ್ಮವ್ವನ ಕಾಲು: ಎಂಟು ತಿಂಗಳು ಬಳಸಿ ಬರೀತಿರೋ ರಿವ್ಯೂ

ಎಳೆದು ವ್ಯಾಯಾಮ ಮಾಡೋ ಈ ಬ್ಯಾಂಡ್ ಸೆಟ್ ತಗೊಂಡಿದ್ದು ಹೋದ ನವೆಂಬರಲ್ಲಿ, 649 ರೂಪಾಯಿ. ಮೂರು ಚಪ್ಪಟೆ ರಬ್ಬರ್ ಪಟ್ಟಿ, ಹಳದಿ ಹಗುರ, ಕೆಂಪು ಅದಕ್ಕಿಂತ ಬಿಗಿ, ಹಸಿರು ಇನ್ನೂ ಬಿಗಿ, ಒಂದೊಂದೂ ಒಂದೂವರೆ ಮೀಟರ್, ಜೊತೆಗೆ ಬಾಗಿಲಿಗೆ ಸಿಗಿಸೋ ಒಂದು ಬೆಲ್ಟು, ಹಾಕಿಡೋಕೆ ಒಂದು ಬಲೆ ಚೀಲ. ತಗೊಂಡಿದ್ದು ನನಗಲ್ಲ, ನಮ್ಮವ್ವನಿಗೆ. ಅವ್ವನಿಗೆ ಈಗ 71. ಇಲ್ಲಿರೋ ರಿವ್ಯೂಗಳೆಲ್ಲ ಜಿಮ್ ಹುಡುಗರದ್ದು, "ಗುಡ್ ಪ್ರಾಡಕ್ಟ್", "ಸೂಪರ್ ಕ್ವಾಲಿಟಿ" ಅಂತ ಎರಡೆರಡು ಪದ ಹಾಕಿ ಹೋಗಿದಾರೆ, ವಯಸ್ಸಾದವರಿಗೆ ಇದು ಹೇಗೆ ಆಗುತ್ತೆ ಅಂತ ಒಬ್ರೂ ಬರೆದಿಲ್ಲ. ನಾನು ತಗೊಳೋವಾಗ ಅದನ್ನೇ ಹುಡುಕ್ತಿದ್ದೆ, ಸಿಗ್ಲಿಲ್ಲ, ಅದಕ್ಕೇ ಉದ್ದಕ್ಕೆ ಬರೀತಿದೀನಿ, ಮನೇಲಿ ವಯಸ್ಸಾದ ಅಪ್ಪ ಅವ್ವ ಇರೋರು ಸ್ವಲ್ಪ ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮದು ಸೋಮವಾರಪೇಟೆ ತಾಲೂಕು, ಶಾಂತಳ್ಳಿ ಕಡೆ. ಇಲ್ಲಿನ ಮಳೆ ಗೊತ್ತಿರೋರಿಗೆ ಗೊತ್ತು, ಜೂನಲ್ಲಿ ಹಿಡಿದ್ರೆ ಅಂಗಳದ ಕಲ್ಲೆಲ್ಲ ಪಾಚಿ ಕಟ್ಟಿ ಜಾರ್ತಾ ಇರುತ್ತೆ. ಹೋದ ವರ್ಷ ಜುಲೈಯಲ್ಲಿ ಅವ್ವ ಸೌದೆ ತರೋಕೆ ಹೋಗಿ ಅಂಗಳದಲ್ಲಿ ಜಾರಿ ಬಿದ್ಲು. ಪುಣ್ಯಕ್ಕೆ ಮೂಳೆ ಮುರೀಲಿಲ್ಲ, ಎಕ್ಸ್‌ರೇ ಎಲ್ಲ ಸರಿ ಇತ್ತು, ಮಂಡಿ ಊದಿತ್ತು ಅಷ್ಟೇ. ನಾವೇನು ಮಾಡಿದ್ವಿ? ಪ್ರೀತಿಯಿಂದಾನೇ ಅವಳನ್ನ ಕೂರಿಸಿಬಿಟ್ವಿ. "ಅವ್ವ ನೀನು ಏಳ್ಬೇಡ", "ಅತ್ತೆ ನೀವು ಕೂತಿರಿ ನಾನು ತರ್ತೀನಿ", ಮಗಳು ಕಾಲೇಜಿಂದ ಬಂದ್ರೆ "ಅಜ್ಜಿ ನಾನಿದೀನಲ್ಲ". ಬಂದ ನೆಂಟರೂ ಅದನ್ನೇ ಹೇಳೋರು, ಈ ವಯಸ್ಸಲ್ಲಿ ಇನ್ನೇನು, ರೆಸ್ಟ್ ತಗೊಳ್ಳಲಿ ಅಂತ. ಊತ ಇಳಿಯೋಕೆ ಎರಡು ವಾರ ಸಾಕಾಗಿತ್ತು, ಅವ್ವ ಮೂರು ತಿಂಗಳು ಬಚ್ಚಲ ಒಲೆ ಮುಂದೆ ಕೂತ್ಲು. ಹಂಡೆ ಕೆಳಗೆ ಸೌದೆ ತಳ್ಳೋದು, ಕಾಫಿ ಕುಡಿಯೋದು, ಮಲಗೋದು.

ಅಕ್ಟೋಬರಲ್ಲಿ ಮಳೆ ಬಿಟ್ಟು ಬಿಸಿಲು ಬಂತು, ಎಲ್ಲರೂ ಅಂಗಳಕ್ಕೆ ಬಂದ್ವಿ, ಅವ್ವನಿಗೆ ಮಣೆಯಿಂದ ಏಳೋಕೇ ಆಗ್ಲಿಲ್ಲ. ಮಂಡಿ ನೋವಲ್ಲ, ಕಾಲಲ್ಲಿ ಬಲವೇ ಇಲ್ಲ. ಬಾಗಿಲ ಚೌಕಟ್ಟು ಹಿಡ್ಕೊಂಡು, ಇನ್ನೊಂದು ಕೈ ನನ್ನ ಹೆಗಲ ಮೇಲಿಟ್ಟು ಎದ್ದಳು. ನಲವತ್ತು ವರ್ಷ ಕಾಫಿ ಕುಯ್ದು, ಹಣ್ಣಿನ ಮೂಟೆ ತಲೆ ಮೇಲೆ ಹೊತ್ತು ಏರು ಹತ್ತಿದ ಕಾಲು ಅದು. ಅವತ್ತು ಸೀರೆ ಸ್ವಲ್ಪ ಮೇಲಾದಾಗ ಮೀನಖಂಡ ನೋಡಿದೆ, ಚರ್ಮ ಜೋತು ಬಿದ್ದಿತ್ತು, ಒಳಗಿನ ಮಾಂಸ ಕರಗಿ ಹೋಗಿತ್ತು. ನನಗೆ ಹೊಟ್ಟೆ ಚುರ್ ಅಂತು.

ಮಡಿಕೇರಿಯಲ್ಲಿ ಒಬ್ರು ಫಿಸಿಯೋಥೆರಪಿ ಮೇಡಂ ಹತ್ರ ಕರ್ಕೊಂಡು ಹೋದ್ವಿ. ಅವರು ಮಾತ್ರೆ ಮಸಾಜು ಯಾವುದೂ ಹೇಳ್ಲಿಲ್ಲ. ಕೈ ಇಲ್ಲದ ಒಂದು ಕುರ್ಚಿ ಗೋಡೆಗೆ ಒತ್ತಿಟ್ಟು, ಎರಡು ಕೈಯನ್ನೂ ಎದೆ ಮೇಲೆ ಅಡ್ಡ ಇಟ್ಕೊಳಿ ಅಜ್ಜಿ, ಪೂರ್ತಿ ಎದ್ದು ಪೂರ್ತಿ ಕೂರಿ, 30 ಸೆಕೆಂಡಲ್ಲಿ ಎಷ್ಟು ಸಲ ಆಗುತ್ತೋ ಅಷ್ಟು ಅಂದ್ರು. ಅವ್ವ ಆರು ಸಲ ಎದ್ಲು, ಏಳನೇದಕ್ಕೆ ಅರ್ಧ ಎದ್ದು ಕುಸಿದ್ಲು. 70ರಿಂದ 74 ವಯಸ್ಸಿನ ಹೆಂಗಸರಿಗೆ ಹತ್ತಕ್ಕಿಂತ ಕಮ್ಮಿ ಆದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕವಂತೆ. ಈ ಪರೀಕ್ಷೆಗೆ ಒಂದು ಕುರ್ಚಿ ಒಂದು ಗಡಿಯಾರ ಸಾಕು, ಯಾರು ಬೇಕಾದ್ರೂ ಮನೇಲಿ ಮಾಡಬಹುದು, ಪಕ್ಕದಲ್ಲಿ ಒಬ್ರು ನಿಂತಿರಬೇಕು ಅಷ್ಟೇ. ದಯವಿಟ್ಟು ಇವತ್ತೇ ಮಾಡಿಸಿ ನೋಡಿ.

ಆಮೇಲೆ ಮೇಡಂ ನನ್ನನ್ನ ಕೂರಿಸ್ಕೊಂಡು ಹೇಳಿದ ಮಾತು ಇನ್ನೂ ಕಿವೀಲಿದೆ: ಬಿದ್ದಿದ್ದಕ್ಕಿಂತ ಕೂತಿದ್ದೇ ನಿಮ್ಮ ತಾಯಿಗೆ ಜಾಸ್ತಿ ಪೆಟ್ಟು ಕೊಟ್ಟಿದೆ. ಆರೋಗ್ಯವಾಗಿದ್ದ ವಯಸ್ಸಾದವರನ್ನ ಬರೀ 10 ದಿನ ಹಾಸಿಗೇಲಿ ಮಲಗಿಸಿ ಅಮೆರಿಕಾದಲ್ಲಿ ಪರೀಕ್ಷೆ ಮಾಡಿದ್ರಂತೆ, 2007ರಲ್ಲಿ ಅದರ ವರದಿ ಬಂತು, ಕಾಲಿನ ಮಾಂಸವೇ ಹೆಚ್ಚು ಕಮ್ಮಿ ಒಂದು ಕೆಜಿ ಹೋಗಿತ್ತು. ಹತ್ತೇ ದಿನಕ್ಕೆ. ನಮ್ಮವ್ವ ಕೂತಿದ್ದು ಮೂರು ತಿಂಗಳು. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ದೇಹದ ಲೆಕ್ಕಾನೂ ಅದೇ. ಕೆಲಸ ಇಲ್ಲದ ಮಸಲ್‌ನ ಸಾಕೋದು ದೇಹಕ್ಕೆ ಖರ್ಚು, ಅದಕ್ಕೆ ಕರಗಿಸಿ ಬೇರೆ ಕಡೆ ಬಳಸ್ಕೊಂಡು ಬಿಡುತ್ತೆ.

ಬ್ಯಾಂಡ್ ತಗೊಳಿ ಅಂದಿದ್ದೂ ಅವರೇ. ಡಂಬೆಲ್ ಬೇಡ, ಕೈ ಜಾರಿ ಕಾಲ ಮೇಲೆ ಬಿದ್ರೆ ಕಷ್ಟ, ಬ್ಯಾಂಡ್ ಆದ್ರೆ ಶುರೂಲಿ ಹಗುರ, ಎಳೆದಷ್ಟೂ ಬಿಗಿ, ಸುಸ್ತಾದ್ರೆ ಬಿಟ್ರೆ ಆಯ್ತು ಅಂತ.

ಮೊದಲು ನಾನು ದುಡ್ಡು ಉಳಿಸೋಕೆ ಅಂತ ಒಂದು ಅಂಗಡೀಲಿ 150 ರೂಪಾಯಿದು ತಂದೆ, ನಾಲ್ಕನೇ ದಿನ ಎಳೀತಿದ್ದಾಗ ಫಟ್ ಅಂತ ಕಿತ್ತು ಅವ್ವನ ಮಣಿಕಟ್ಟಿಗೆ ಬಡಿದು ಬಾಸುಂಡೆ ಬಂತು. ಹೆದರಿ ಒಂದು ವಾರ ಮುಟ್ಟಲಿಲ್ಲ ಅವಳು. ಕಣ್ಣಿಗೆ ಬಡಿದಿದ್ರೆ ಏನು ಗತಿ? ಆಮೇಲೆ ಈ ಸೆಟ್ ಆರ್ಡರ್ ಮಾಡಿದ್ದು. ಡೆಲಿವರಿ ಮನೆ ತನಕ ಬರ್ಲಿಲ್ಲ, ಸೋಮವಾರಪೇಟೆಗೆ ಹೋಗಿ ಇಸ್ಕೊಂಡು ಬಂದೆ, ನಮ್ಮ ಕಡೆ ಯಾವ ಸಾಮಾನಿಗೂ ಇದೇ ಕತೆ, ಅದಕ್ಕೆ ಸ್ಟಾರ್ ಕಟ್ ಮಾಡಿಲ್ಲ.

ಬಿಚ್ಚಿದಾಗ ಮೊದಲು ಬಂದಿದ್ದು ರಬ್ಬರ್ ವಾಸನೆ. ಸಂಪಾಜೆ ಘಾಟಿ ಇಳಿದು ಸುಳ್ಯ ಕಡೆ ಹೋಗೋವಾಗ ರಬ್ಬರ್ ಶೀಟ್ ಒಣ ಹಾಕಿರ್ತಾರಲ್ಲ, ಹೆಚ್ಚು ಕಮ್ಮಿ ಅದೇ ತರ. ಎರಡು ದಿನ ನೆರಳಲ್ಲಿ ನೇತು ಹಾಕಿದ್ಮೇಲೆ ಕಮ್ಮಿ ಆಯ್ತು. ಪಟ್ಟಿ ಮೇಲೆ ಬಿಳೀ ಪೌಡರ್ ಸವರಿರ್ತಾರೆ, ಅದನ್ನ ಒರೆಸಿ ತೆಗೀಬೇಡಿ, ಅಂಟದೇ ಇರ್ಲಿ ಅಂತ ಹಾಕಿರೋದು. ಇದು ಮರದ ಹಾಲಿನ ರಬ್ಬರೇ ಆದ್ರಿಂದ ಲೇಟೆಕ್ಸ್ ಅಲರ್ಜಿ ಇರೋರು ತಗೋಬಾರದು, ಅವರಿಗೆ ಅಂತ ಲೇಟೆಕ್ಸ್ ಇಲ್ಲದ ಬ್ಯಾಂಡ್ ಬೇರೆ ಸಿಗುತ್ತೆ.

ಅವ್ವ ಹೇಗೆ ಮಾಡ್ತಾಳೆ ಅಂತ ಹೇಳ್ತೀನಿ. ಗಟ್ಟಿ ಮರದ ಕುರ್ಚಿ, ಬೆನ್ನು ಗೋಡೆ ಕಡೆ. ಹಳದಿ ಬ್ಯಾಂಡಿನ ಒಂದು ತುದಿ ಕುರ್ಚಿಯ ಹಿಂದಿನ ಕಾಲಿಗೆ ಕಟ್ಟೋದು, ಇನ್ನೊಂದು ತುದಿ ಬಳೆ ತರ ಗಂಟು ಹಾಕಿ ಪಾದದ ಗಂಟಿನ ಮೇಲೆ ಹಾಕೋದು, ಬರೀ ಚರ್ಮದ ಮೇಲೆ ಹಾಕಿದ್ರೆ ಉರಿಯುತ್ತೆ, ಕಾಲ್ಚೀಲ ಇರಬೇಕು. ಆಮೇಲೆ ಮಂಡಿಯನ್ನ ನಿಧಾನಕ್ಕೆ ನೇರ ಮಾಡೋದು, ಮೇಲೆ ಒಂದು ಕ್ಷಣ ನಿಲ್ಲಿಸೋದು, ಇಳಿಸೋವಾಗ ಮೂರು ಎಣಿಸ್ತಾ ಇಳಿಸೋದು. ಕಾಲು ನೇರ ಆಗೋ ಆ ಕೊನೇ ಗಳಿಗೇಲಿ ಮಂಡಿ ಮೇಲ್ಗಡೆ ಒಳಭಾಗದಲ್ಲಿ ಒಂದು ಗಂಟು ಎದ್ದು ನಿಲ್ಲುತ್ತೆ ನೋಡಿ, ನಿಂಬೆಹಣ್ಣಿನಷ್ಟು. ಮೊದಲ ತಿಂಗಳು ಅದು ಕಾಣ್ತಾನೇ ಇರ್ಲಿಲ್ಲ, ಕೈ ಇಟ್ರೆ ಮಾತ್ರ ನಡುಗೋದು ಗೊತ್ತಾಗೋದು, ಈಗ ಕುರ್ಚಿ ಮುಂದೆ ಕೂತ್ರೆ ಸೀರೆ ಮೇಲಿಂದಾನೇ ಕಾಣುತ್ತೆ. ಅದೇ ಮಸಲ್ ಮಂಡಿಚಿಪ್ಪು ಆಚೀಚೆ ಸರಿಯದ ಹಾಗೆ ಹಿಡಿದುಕೊಳ್ಳೋದು.

ಎಣಿಸೋದು ಅವ್ವ ಅವಳದ್ದೇ ರೀತೀಲಿ. ಕಣದಲ್ಲಿ ಅಳೆಯೋವಾಗ ಒಂದು ಅನ್ನಲ್ಲ, "ಲಾಭ" ಅಂತ ಶುರು ಮಾಡೋದು ನಮ್ಮಲ್ಲಿ. ಹಾಗೇ ಬ್ಯಾಂಡ್ ಎಳೀತಾನೂ "ಲಾಭ, ಎರಡು, ಮೂರು" ಅಂತ ಜೋರಾಗಿ ಎಣಿಸ್ತಾಳೆ. ಮೇಡಂಗೆ ಇದು ತುಂಬಾ ಖುಷಿ ಆಯ್ತು, ಯಾಕಂದ್ರೆ ಬಲ ಹಾಕೋವಾಗ ಉಸಿರು ಕಟ್ಟಿದ್ರೆ ಬಿಪಿ ಏಕಾಏಕಿ ಏರುತ್ತೆ, ಬಾಯಿಬಿಟ್ಟು ಎಣಿಸೋರು ಉಸಿರು ಕಟ್ಟೋಕೆ ಆಗಲ್ಲ. ಬಿಪಿ ಇರೋರು ಇದನ್ನ ಮರೀಬೇಡಿ.

ಇನ್ನು ಒಳಗೆ ಏನು ನಡೆಯುತ್ತೆ ಅನ್ನೋದು. ಇದನ್ನ ನನಗೆ ಬಿಡಿಸಿ ಹೇಳಿದ್ದು ನನ್ನ ಮಗಳು, ಪಿಯುಸಿ ಸೈನ್ಸ್ ಓದ್ತಿದಾಳೆ, ಅವಳಿಗೆ ಈ ಪಾಠ ಇದೆ. ಮಸಲ್ ಅಂದ್ರೆ ರಬ್ಬರ್ ತರ ಎಳೆದು ಬಿಟ್ರೆ ಕುಗ್ಗೋ ವಸ್ತು ಅಂತ ನಾನು ತಿಳಿದಿದ್ದೆ, ಅಲ್ಲ. ಒಳಗೆ ಎರಡು ತರದ ಸಣ್ಣ ಎಳೆ, ಒಂದು ದಪ್ಪ, ಮಯೋಸಿನ್, ಒಂದು ತೆಳು, ಆಕ್ಟಿನ್. ಮಸಲ್ ಕುಗ್ಗೋವಾಗ ಈ ಎಳೆಗಳು ತಾವು ಗಿಡ್ಡ ಆಗಲ್ಲ, ಒಂದರೊಳಗೆ ಒಂದು ಜಾರಿ ಹೋಗ್ತವೆ ಅಷ್ಟೇ. 1954ರಲ್ಲಿ ಎರಡು ತಂಡದವರು ಬೇರೆ ಬೇರೆಯಾಗಿ ಇದನ್ನ ಕಂಡುಹಿಡಿದು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬರೆದ್ರಂತೆ, ಎರಡೂ ತಂಡದಲ್ಲಿ ಹಕ್ಸ್‌ಲಿ ಅನ್ನೋ ಹೆಸರಿನವರು ಒಬ್ಬೊಬ್ರು, ಇಬ್ಬರೂ ಸಂಬಂಧಿಕರೇ ಅಲ್ಲ.

ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದಾಗ ಊರವರೆಲ್ಲ ಹಗ್ಗ ಕಟ್ಟಿ ಎಳೀತಾರಲ್ಲ, ಅದನ್ನ ನೆನಪು ಮಾಡ್ಕೊಳಿ. ಮಯೋಸಿನ್ನಿಗೆ ಸಾಲು ಸಾಲು ಕೈ ಇದಾವೆ, ಆಕ್ಟಿನ್ ಅನ್ನೋದು ಹಗ್ಗ. ಹಿಡಿ, ಎಳಿ, ಬಿಡು, ಮುಂದಕ್ಕೆ ಹಿಡಿ. ಮೆದುಳಿಂದ ನರದಲ್ಲಿ ಸುದ್ದಿ ಬಂದ ಕೂಡಲೇ ಜೀವಕೋಶದೊಳಗೆ ಕ್ಯಾಲ್ಸಿಯಂ ಹರಡುತ್ತೆ, ಅದೇ "ಐಸಾ" ಅಂತ ಕೂಗೋನು, ಅದು ಕೂಗೋ ತನಕ ಕೈಗಳು ಹಗ್ಗ ಮುಟ್ಟಲ್ಲ. ಎಟಿಪಿ ಅನ್ನೋದು ಜೀವಕೋಶಕ್ಕೆ ಶಕ್ತಿ ಕೊಡೋ ವಸ್ತು, ಇಲ್ಲಿ ಅದೇ ಕೂಲಿ. ನನಗೆ ಆಶ್ಚರ್ಯ ಆಗಿದ್ದು ಏನಂದ್ರೆ ಹಿಡಿದ ಕೈ ಬಿಡೋಕೂ ಎಟಿಪಿ ಬೇಕು. ಜೀವ ಹೋದ್ಮೇಲೆ ಎಟಿಪಿ ತಯಾರಾಗಲ್ಲ, ಹಿಡಿದ ಕೈಗಳು ಹಿಡಿದಲ್ಲೇ ಉಳೀತವೆ, ಹೆಣ ಸೆಟೆದುಕೊಳ್ಳೋದು ಇದಕ್ಕೇ.

ಇನ್ನೊಂದು, ಮಸಲ್ಲಿಗೆ ಎಳೆಯೋದು ಮಾತ್ರ ಗೊತ್ತು, ತಳ್ಳೋದು ಗೊತ್ತಿಲ್ಲ. ಮೊಣಕೈ ಮಡಚೋಕೆ ರಟ್ಟೆಯ ಮುಂದಿನದು ಎಳೀಬೇಕು, ಬಿಚ್ಚೋಕೆ ಹಿಂದಿನದು ಎಳೀಬೇಕು. ಅದಕ್ಕೇ ಒಂದೇ ಕಡೆ ವ್ಯಾಯಾಮ ಮಾಡಬಾರದು ಅಂತ ಮೇಡಂ ಹೇಳಿದ್ದು, ತೊಡೆ ಮುಂದಿಂದು ಮಾಡಿದ್ರೆ ಹಿಂದಿಂದೂ ಮಾಡ್ಬೇಕು. ಅವ್ವ ಜಗಲಿ ಕಂಬಕ್ಕೆ ಕೆಂಪು ಬ್ಯಾಂಡ್ ಸುತ್ತಿ ಎರಡೂ ಕೈಯಿಂದ ಹೊಟ್ಟೆ ಕಡೆಗೆ ಎಳೀತಾಳೆ, ಅದು ಬೆನ್ನಿಗೆ. ಕಿಟಕಿ ಸರಳು ಹಿಡ್ಕೊಂಡು ತುದಿಗಾಲಲ್ಲಿ ಎದ್ದು ಇಳಿಯೋದು ಮೀನಖಂಡಕ್ಕೆ, ಅದಕ್ಕೆ ಬ್ಯಾಂಡೂ ಬೇಡ.

ಇಳಿಸೋದು ನಿಧಾನ ಆಗ್ಬೇಕು ಅಂದೆನಲ್ಲ, ಅದರ ಕಾರಣ ನನಗೆ ನಾನೇ ಅನುಭವಿಸಿದ್ಮೇಲೆ ಅರ್ಥ ಆಯ್ತು. ಜನವರೀಲಿ ಬೆಂಗಳೂರಿಂದ ಬಂದ ನೆಂಟರನ್ನ ಮಲ್ಲಳ್ಳಿ ಜಲಪಾತಕ್ಕೆ ಕರ್ಕೊಂಡು ಹೋಗಿದ್ದೆ, ಮೆಟ್ಟಿಲು ಇಳಿದು ಹತ್ತಿ ಬಂದ್ವಿ. ಹತ್ತೋವಾಗ ಏದುಸಿರು ಬಂತು, ಆದ್ರೆ ಎರಡನೇ ದಿನ ತೊಡೆ ಹಿಡಿದಿದ್ದು ಇಳಿದಿದ್ದಕ್ಕೆ. ಇಳಿಯೋವಾಗ ತೊಡೆಯ ಮಸಲ್ ಉದ್ದ ಆಗ್ತಾನೇ ಬ್ರೇಕ್ ಹಿಡಿಯುತ್ತೆ, ಆ ಎಳೆತಕ್ಕೆ ಸಣ್ಣ ಸಣ್ಣ ಎಳೆ ಹರಿಯುತ್ತೆ, ಅದನ್ನ ದೇಹ ರಿಪೇರಿ ಮಾಡೋವಾಗ ನೋವು. ಒಂದರಿಂದ ಮೂರು ದಿನದೊಳಗೆ ಜಾಸ್ತಿ ಇದ್ದು ಆಮೇಲೆ ತಾನೇ ಹೋಗುತ್ತೆ. ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ ಅಂತ ಎಲ್ಲರೂ ಹೇಳ್ತಾರೆ, ಅದು ನಿಂತ ಒಂದೆರಡು ಗಂಟೇಲೇ ಖಾಲಿ ಆಗಿರುತ್ತೆ, ಎರಡನೇ ದಿನದ ನೋವಿಗೂ ಅದಕ್ಕೂ ಸಂಬಂಧ ಇಲ್ಲ. ಹೀಗೆ ಇಳಿಸೋ ಕೆಲಸದಲ್ಲೇ ಮಸಲ್ಲಿಗೆ ಒಳ್ಳೇ ಬಲ ಬರೋದು, ಅದಕ್ಕೆ ಬ್ಯಾಂಡನ್ನ ಪಟ್ ಅಂತ ಬಿಟ್ಟುಬಿಟ್ರೆ ಅರ್ಧ ಲಾಭ ಹೋದ ಹಾಗೆ. ಅವ್ವ ಮಾಡಿದ ಮಾರನೇ ದಿನ ಮೈ ಭಾರ ಅಂದ್ರೆ ನಾನು ಹೆದರಲ್ಲ, ಒಂದೇ ಜಾಗದಲ್ಲಿ ಚುಚ್ಚೋ ನೋವು, ಊತ, ಕೀಲಿನ ಒಳಗೆ ನೋವು ಅಂದ್ರೆ ಮಾತ್ರ ಅವತ್ತೇ ನಿಲ್ಲಿಸಿ ಫೋನ್ ಮಾಡ್ತೀನಿ.

ಅವ್ವ ಯಾಕೆ ಬಿದ್ಲು ಅನ್ನೋದಕ್ಕೂ ಉತ್ತರ ಮಸಲ್ಲಲ್ಲೇ ಸಿಕ್ತು. ನಾಟಿ ಕೋಳಿ ಕುಯ್ದಾಗ ನೋಡಿ, ತೊಡೆ ಮಾಂಸ ಕೆಂಪು, ಎದೆ ಮಾಂಸ ಬಿಳಿ. ದಿನವಿಡೀ ನಡೆಯೋ ಕಾಲಿಗೆ ನಿಧಾನದ, ಸುಸ್ತಾಗದ ಎಳೆ ಜಾಸ್ತಿ, ಆಮ್ಲಜನಕ ಹಿಡಿದಿಡೋ ಕೆಂಪು ವಸ್ತು ಅದರಲ್ಲಿ ತುಂಬಿರುತ್ತೆ. ಯಾವಾಗ್ಲೋ ಒಮ್ಮೆ ಪುರ್ ಅಂತ ಹಾರೋ ರೆಕ್ಕೆಗೆ ಚುರುಕಾದ, ಬೇಗ ಸುಸ್ತಾಗೋ ಬಿಳೀ ಎಳೆ. ನಮ್ಮ ಮೈಯಲ್ಲಿ ಎರಡೂ ಬೆರೆತಿರುತ್ತೆ. ವಯಸ್ಸಾಗ್ತಾ ಜಾಸ್ತಿ ಕಳ್ಕೊಳೋದು ಆ ಚುರುಕಿನ ಎಳೆಗಳನ್ನ. ಕಾಲು ಜಾರಿದಾಗ ಇನ್ನೊಂದು ಕಾಲನ್ನ ಸರಕ್ ಅಂತ ಮುಂದಿಟ್ಟು ಸಾವರಿಸ್ಕೊಳೋಕೆ ಬೇಕಾಗಿರೋದು ಅದೇ. ನಡೆಯೋದು ಒಳ್ಳೇದು, ವಾರಕ್ಕೆ 150 ನಿಮಿಷ ಅಂತ ಎಲ್ಲ ಕಡೆ ಹೇಳ್ತಾರೆ, ಆದ್ರೆ ಮೆಲ್ಲಗೆ ನಡೆಯೋವಾಗ ಆ ಎಳೆಗಳಿಗೆ ಕರೆಯೇ ಹೋಗಲ್ಲ, ಸ್ವಲ್ಪ ಭಾರದ ಕೆಲಸ ಕೊಟ್ರೇನೇ ಅವು ಏಳೋದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು, ನಡಿಗೆ ಜೊತೆಗೆ ವಾರಕ್ಕೆ ಎರಡು ದಿನವಾದ್ರೂ ಬಲ ಬರೋ ವ್ಯಾಯಾಮ ಬೇಕು, 65 ದಾಟಿದವರು ಬ್ಯಾಲೆನ್ಸ್ ಕೂಡ ಸೇರಿಸಿ ಮೂರು ದಿನ ಮಾಡಬೇಕು ಅಂತ.

ಅವ್ವನಿಗೆ ಸೋಮವಾರ, ಬುಧವಾರ, ಶುಕ್ರವಾರ. ಮಧ್ಯದ ದಿನ ರಜೆ, ಮಸಲ್ ಬೆಳೆಯೋದು ಆ ರಜೆಯಲ್ಲೇ. ಒಂದೊಂದು ಸಲಕ್ಕೆ ಹತ್ತು, ಎರಡು ಸುತ್ತು, ಕೊನೇ ಎರಡು ಕಷ್ಟ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಬಣ್ಣ ಬದಲಿಸೋ ಹೊತ್ತು ಬಂತು ಅಂತ.

ಮೊದಲ ಮೂರು ವಾರದಲ್ಲೇ ಅವ್ವ ಮಣೆಯಿಂದ ಒಂದೇ ಕೈ ಊರಿ ಏಳೋಕೆ ಶುರು ಮಾಡಿದ್ಲು. ನಾನು ಟೈಲರ್ ಟೇಪಲ್ಲಿ ತೊಡೆ ಅಳೆದೆ, ಮೊದಲಿದ್ದ 38 ಸೆಂಟಿಮೀಟರೇ. ಮೇಡಂಗೆ ಫೋನ್ ಮಾಡಿ ಕೇಳಿದ್ದಕ್ಕೆ ಅವರು ಹೇಳಿದ್ರು, ಶುರುವಿನ ವಾರಗಳಲ್ಲಿ ಬಲ ಬರೋದು ನರದಿಂದ, ಇರೋ ಎಳೆಗಳಲ್ಲೇ ಹೆಚ್ಚು ಎಳೆಗಳನ್ನ ಒಟ್ಟಿಗೆ ಕೂಗೋಕೆ ಮೆದುಳು ಕಲಿಯುತ್ತೆ, ಗಾತ್ರ ಆಮೇಲೆ. ಹಾಗೇ ಆಯ್ತು, ಈಗ ಟೇಪು 39.5 ತೋರಿಸ್ತಿದೆ. ಒಂದೂವರೆ ಸೆಂಟಿಮೀಟರ್ ಏನು ದೊಡ್ಡದು ಅನ್ಬೇಡಿ, ಅವಳ ವಯಸ್ಸಿಗೆ ಅದು ಹೋಗೋ ದಾರಿ ಬಿಟ್ಟು ಬರೋ ದಾರಿ ಹಿಡಿದಿದೆ ಅನ್ನೋದೇ ನನಗೆ ದೊಡ್ಡದು. ಕುರ್ಚಿ ಪರೀಕ್ಷೆ ಎಂಟು ವಾರಕ್ಕೆ ಹತ್ತು ಬಂತು, ಹೋದ ವಾರ ಹದಿಮೂರು.

ಈ ವಯಸ್ಸಲ್ಲಿ ಮಾಂಸ ಎಲ್ಲಿ ಬರುತ್ತೆ ಅಂತ ನಮ್ಮ ಚಿಕ್ಕಪ್ಪ ಈಗ್ಲೂ ಹೇಳ್ತಾರೆ. ಅವರಿಗೆ ನಾನು ಹೇಳೋದು ಬಾಸ್ಟನ್ನಿನ ಕತೆ. 1990ರಲ್ಲಿ ಬಂದ ವರದಿ ಅದು, ವೃದ್ಧಾಶ್ರಮದಲ್ಲಿದ್ದ ಹತ್ತು ಜನ, ಸರಾಸರಿ ವಯಸ್ಸು 90, ಎಂಟು ವಾರ ತೊಡೆಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದ್ರು. ಮುಗಿಸಿದವರ ಕಾಲಿನ ಬಲ ಸರಾಸರಿ 174 ಪರ್ಸೆಂಟ್ ಜಾಸ್ತಿ ಆಯ್ತು, ಅಂದ್ರೆ ಎರಡೂವರೆ ಪಟ್ಟು ದಾಟ್ತು, ತೊಡೆಯ ಮಾಂಸಾನೂ ಬೆಳೀತು. ತೊಂಬತ್ತರಲ್ಲಿ ಆಗೋದು ಎಪ್ಪತ್ತರಲ್ಲಿ ಆಗಲ್ವಾ ಚಿಕ್ಕಪ್ಪ ಅಂತ ಕೇಳ್ದೆ, ಸುಮ್ನಾದ್ರು.

ಊಟದ ವಿಷಯ ಹೇಳದೇ ಬ್ಯಾಂಡ್ ವಿಷಯ ಮಾತ್ರ ಹೇಳಿದ್ರೆ ಮೋಸ ಆಗುತ್ತೆ. ಕೂತಿದ್ದ ಮೂರು ತಿಂಗಳು ಅವ್ವ ತಿಂದಿದ್ದು ಬೆಳಿಗ್ಗೆ ಅಕ್ಕಿ ರೊಟ್ಟಿ ಚಟ್ನಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ "ಹಸಿವಿಲ್ಲ" ಅಂತ ಗಂಜಿ. ಮನೆ ಕಟ್ಟೋಕೆ ಮೇಸ್ತ್ರಿ ಬಂದಿದಾನೆ, ಇಟ್ಟಿಗೆ ಇಲ್ಲ ಅನ್ನೋ ಹಾಗೆ. ನಮ್ಮ ದೇಶದ 2020ರ ಲೆಕ್ಕದಲ್ಲಿ ದೊಡ್ಡವರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್, ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ ತಿಳಿದವರು ಹೇಳ್ತಾರೆ. ಅವ್ವ 52 ಕೆಜಿ, ಅಂದ್ರೆ 52ರಿಂದ 62 ಗ್ರಾಂ. ಈಗ ಬೆಳಿಗ್ಗೆ ರೊಟ್ಟಿ ಜೊತೆ ಎರಡು ಮೊಟ್ಟೆ, ಅಲ್ಲಿಗೆ 12 ಗ್ರಾಂ. ಮಧ್ಯಾಹ್ನ ಹುರುಳಿಕಾಳು ಬಸ್ಸಾರೋ ಕಡ್ಲೆಕಾಳೋ ಇರಲೇಬೇಕು, 100 ಗ್ರಾಂ ಒಣ ಹುರುಳೀಲಿ 22 ಗ್ರಾಂ ಹತ್ರ ಪ್ರೋಟೀನ್ ಇದೆ, ಎತ್ತಿಗೆ ಬೇಯಿಸಿ ಹಾಕ್ತಿದ್ದ ಹುರುಳಿಯ ಬೆಲೆ ನಮಗೆ ಈಗ ಗೊತ್ತಾಯ್ತು. ರಾತ್ರಿ ಹಾಲು, ಮೊಸರು. ಸೋಮವಾರದ ಸಂತೆಗೆ ಹೋದ್ರೆ ಮೀನು. ನೆಂಟರೊಬ್ರು ಪ್ರೋಟೀನ್ ಪೌಡರ್ ಡಬ್ಬಿ ತಂದುಕೊಟ್ಟಿದ್ರು, ಹಿಂದೆ ಓದಿದ್ರೆ ಸಕ್ಕರೆಯೇ ಮುಂದಿದೆ, ಎತ್ತಿಟ್ವಿ. ಕಿಡ್ನಿ ತೊಂದ್ರೆ ಇರೋರು ಮಾತ್ರ ಡಾಕ್ಟರನ್ನ ಕೇಳದೇ ಪ್ರೋಟೀನ್ ಜಾಸ್ತಿ ಮಾಡ್ಬೇಡಿ. ಅವ್ವನ ರಕ್ತದಲ್ಲಿ ವಿಟಮಿನ್ ಡಿ ಕೂಡ ಕಮ್ಮಿ ಬಂತು, ಅದಕ್ಕೂ ಡಾಕ್ಟರ್ ಬರೆದುಕೊಟ್ರು, ನಾಲ್ಕು ತಿಂಗಳು ಸೂರ್ಯನ ಮುಖ ನೋಡದ ಊರಲ್ಲಿ ಇದನ್ನ ಒಮ್ಮೆ ನೋಡಿಸ್ಕೊಳೋದು ಒಳ್ಳೇದು. ಶುಗರ್ ಇರೋರಿಗೆ ಇನ್ನೊಂದು ಮಾತು, ಉಂಡ ಮೇಲೆ ರಕ್ತಕ್ಕೆ ಬರೋ ಸಕ್ಕರೆಯ ದೊಡ್ಡ ಪಾಲನ್ನ ಎಳ್ಕೊಳೋದು ಮಸಲ್ಲೇ, ಮಸಲ್ ಕರಗಿದ್ರೆ ಸಕ್ಕರೆ ಇಡೋ ಕಣಜವೇ ಸಣ್ಣದಾದ ಹಾಗೆ.

ರಾತ್ರಿ ಮೀನಖಂಡ ಹಿಡ್ಕೊಳ್ಳೋದು ಇತ್ತು ಅವ್ವನಿಗೆ, "ನರ ಹಿಡ್ಕೊಂಡಿದೆ" ಅಂತ ಕೂಗೋಳು. ನಮ್ಮಲ್ಲಿ ಎಲ್ಲದಕ್ಕೂ ನರ ಅಂತೀವಿ, ಹಿಡ್ಕೊಂಡಿರೋದು ಮಸಲ್. ಪಾದವನ್ನ ಮುಖದ ಕಡೆಗೆ ಎಳೆದು ಹಿಡಿದ್ರೆ ಬಿಡುತ್ತೆ. ಮಲಗೋ ಮುಂಚೆ ಹಳದಿ ಬ್ಯಾಂಡನ್ನ ಪಾದಕ್ಕೆ ಹಾಕಿ, ಎರಡು ತುದಿ ಕೈಲಿ ಹಿಡಿದು ಅರ್ಧ ನಿಮಿಷ ಹಾಗೇ ಎಳ್ಕೊಂಡು ಕೂರ್ತಾಳೆ, ಆಮೇಲಿಂದ ಕೂಗು ಕಮ್ಮಿ ಆಗಿದೆ.

ಈಗ ಕಟ್ ಮಾಡಿದ ಒಂದು ಸ್ಟಾರಿನ ವಿಷಯ. ಬಾಗಿಲ ಬೆಲ್ಟು ನಮ್ಮಂತ ಹಳೇ ಮನೆಗೆ ಪ್ರಯೋಜನ ಇಲ್ಲ, ಹಲಸಿನ ಹಲಗೆ ಬಾಗಿಲಿಗೂ ಚೌಕಟ್ಟಿಗೂ ಮಧ್ಯೆ ಇರೋ ಸಂದೀಲಿ ಅದರ ಗಂಟು ಸಲೀಸಾಗಿ ತೂರಿ ಬರುತ್ತೆ, ನಂಬ್ಕೊಂಡು ಎಳೆದ್ರೆ ಹಿಂದಕ್ಕೆ ಬೀಳೋದೇ. ಕಂಬಕ್ಕೆ ಕಟ್ಟಿ. ಜೊತೆಗೆ ಬರೋ ಕಾಗದ ಇಂಗ್ಲಿಷು ಹಿಂದಿ ಮಾತ್ರ, ಒಂದು ಸಾಲು ಕನ್ನಡ ಇಲ್ಲ, ಚಿತ್ರದಲ್ಲಿ ಇರೋದೆಲ್ಲ ಗಟ್ಟಿಮುಟ್ಟಾದ ಹುಡುಗ್ರು, ಕುರ್ಚೀಲಿ ಕೂತು ಮಾಡೋದು ಒಂದೂ ತೋರ್ಸಿಲ್ಲ. ಯಾರಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕೋ ಅವರನ್ನೇ ಬಿಟ್ಟಿದಾರೆ, ಇದು ನನಗೆ ನಿಜವಾಗ್ಲೂ ಬೇಜಾರು.

ಬಾಳಿಕೆ ಬಗ್ಗೆ: ಕೆಂಪು, ಹಸಿರು ಚೆನ್ನಾಗಿದಾವೆ. ಹಳದಿ ಮೇ ತಿಂಗಳಲ್ಲಿ ಅಂಟಂಟಾಯ್ತು, ಅದು ಕಂಪನಿ ತಪ್ಪಲ್ಲ, ಅವ್ವ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಲೇ ಹಿಡೀತಿದ್ಲು, ರಬ್ಬರಿಗೆ ಎಣ್ಣೆ ಆಗಲ್ಲ. ಬಿಸಿಲೂ ಆಗಲ್ಲ. ಈಗ ಜೂನ್, ಮಳೆ ಹಿಡಿದಿದೆ, ಗೋಡೆ ಮೊಳೆಗೆ ನೇತು ಹಾಕಿದ್ದ ಬಲೆ ಚೀಲ ಬೂಷ್ಟು ಹಿಡೀತು, ಅದಕ್ಕೆ ಬ್ಯಾಂಡನ್ನ ಒಣ ಬಟ್ಟೇಲಿ ಒರೆಸಿ, ಸ್ವಲ್ಪ ಟಾಲ್ಕಂ ಪೌಡರ್ ಸವರಿ, ಮುಚ್ಚಳ ಬಿಗಿಯಾಗಿರೋ ಸ್ಟೀಲ್ ಡಬ್ಬೀಲಿ ಇಡ್ತಿದೀವಿ. ವಾರಕ್ಕೊಮ್ಮೆ ಕಿಟಕಿ ಬೆಳಕಿಗೆ ಹಿಡಿದು ಎಳೆದು ನೋಡಿ, ಸೂಜಿಮೊನೆಯಷ್ಟು ತೂತು ಕಂಡ್ರೂ ಆ ಪಟ್ಟಿ ಎಸೀರಿ, ಹರಿಯೋದು ಅಲ್ಲಿಂದಲೇ. ಉಂಗುರ ಬಿಚ್ಚಿಟ್ಟು ಮಾಡಿ, ಅವ್ವನ ಉಂಗುರ ತಾಗಿ ಹಸಿರಿನ ಅಂಚಲ್ಲಿ ಒಂದು ಗೀರು ಬಿದ್ದಿದೆ.

ಡಿಸೆಂಬರ್ ಜನವರಿ ಕುಯ್ಲಲ್ಲಿ ಅವ್ವ ಕಣಕ್ಕೆ ಬಂದು ಕೂತು ಹಸಿಕಾಯಿ ಆರಿಸಿದ್ಲು, ಕಾಫಿ ಹೂ ಅರಳಿಸೋ ಹೂವಿನ ಮಳೆ ಬಿದ್ದಾಗ ಮೇಲಿನ ತೋಟದ ತನಕ ನಡೆದು ಹೂವು ನೋಡಿ ಬಂದ್ಲು, ಕೋಲು ಹಿಡ್ಕೊಂಡಿದ್ಲು ಆದ್ರೆ ಊರಿದ್ದು ಕಮ್ಮಿ. ಈ ಸಲ ಅಂಗಳದ ಪಾಚಿಯನ್ನ ಮಳೆಗೆ ಮುಂಚೆನೇ ಸುಣ್ಣ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದೀನಿ. ಬಚ್ಚಲ ಒಲೆ ಮುಂದೆ ಈಗ್ಲೂ ಕೂರ್ತಾಳೆ, ಮಳೇಲಿ ಇನ್ನೆಲ್ಲಿ ಕೂರೋದು, ಅಲ್ಲೇ ಪಕ್ಕದಲ್ಲಿ ಆ ಮರದ ಕುರ್ಚಿ ಇದೆ, ಬೆಚ್ಚಗಿದ್ರೆ ಮಸಲ್ಲೂ ಸಡಿಲ ಇರುತ್ತೆ.

ತಗೊಳೋರಿಗೆ: ವಯಸ್ಸಾದವರಿಗೆ ಆದ್ರೆ ಹಳದಿಯಿಂದ ಶುರು ಮಾಡಿ, ಹಸಿರು ಮುಟ್ಟೋಕೆ ನಮ್ಮವ್ವನಿಗೆ ಆರು ತಿಂಗಳು ಬೇಕಾಯ್ತು. ಬಣ್ಣದ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತೆ, ಬೇರೆ ಸೆಟ್ ತಗೊಂಡ್ರೆ ಎಳೆದು ನೋಡಿ ಕೊಡಿ. ಅಂಟಾದ ಹಳದಿಯ ಬದಲು ಅದೊಂದೇ ಬಿಡಿಯಾಗಿ ಸಿಗುತ್ತಾ ಅಂತ ಮಾರೋರಿಗೆ ಕೇಳಿ ಮೆಸೇಜ್ ಹಾಕಿದೀನಿ, ಪಕ್ಕದ ಮನೆ ದೊಡ್ಡಮ್ಮನೂ ಒಂದು ಬೇಕು ಅಂದಿದಾರೆ, ಉತ್ತರ ಬಂದ್ರೆ ಇಲ್ಲೇ ಕೆಳಗೆ ಬರೀತೀನಿ.